ಚಾದರ ಮುರಿದ ಬೆರಳು

ಎತ್ತು ಹಾಯ್ದು ಬೆರಳು ಮುರಿದುಕೊಂಡವರಿದ್ದಾರೆ. ಬಂಡಿಯ ಗಾಲಿಗೆ ಸಿಕ್ಕಿಸಿಕೊಂಡವರಿದ್ದಾರೆ. ಬೆಟಗೇರಿಯ ಮಗ್ಗದ ಮನೆಗಳಲ್ಲಂತೂ ತುದಿ ಜಜ್ಜದ ಬೆರಳು ಸಿಗುವುದೇ ಅಪರೂಪ. ಆದರೆ ಗಾದಿಯ ಕೆಳಗೆ ಚಾದರ ಸಿಗಿಸಲು ಹೋಗಿ ಬೆರಳು ಮುರಿದುಕೊಂಡವನು ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲೂಕು ಸೇರಿಸಿದರೂ ಒಬ್ಬನೇ. ಅವನು ಲಕ್ಷ್ಮೇಶ್ವರದ ದತ್ತಾತ್ರಿ. ಮುರಿದದ್ದಕ್ಕಿಂತ ಹೆಚ್ಚಿನ ನೋವು ಅವನಿಗೆ ಆ ಕಾರಣ ಹೇಳುವುದರಲ್ಲಿತ್ತು.

ಅಂಬುವಿಗೆ ಅದು ಮೊದಲ ದಿನವೇ ಗೊತ್ತಾಯಿತು. ಅವಳ ತಂದೆ ಮಾರ್ತಾಂಡರಾಯರು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ದವಾಖಾನೆ ನಡೆಸುತ್ತಿದ್ದ ಡಾಕ್ಟರು. ಮನೆಯ ಮುಂದಿನ ಎರಡು ಕೋಣೆ ದವಾಖಾನೆ, ಹಿಂದಿನದೆಲ್ಲ ಸಂಸಾರ, ನಡುವೆ ಒಂದು ಪರದೆ. ಬಿ.ಎ. ಮುಗಿಸಿದ ಮಗಳು ಸುಮ್ಮನೆ ಕೂತರೆ ತಾಯಿಯ ತಲೆ ತಿನ್ನುತ್ತಾಳೆಂದು ರಾಯರು ಬಾಗಿಲ ಬಳಿ ಒಂದು ಮೇಜು ಹಾಕಿಸಿ ಅವಳನ್ನು ಕೇಸ್ ಪೇಪರ್ ಬರೆಯಲು ಕೂರಿಸಿದ್ದರು. ಬಂದವರ ಹೆಸರು, ವಯಸ್ಸು, ಊರು, ಏನಾಗಿದೆ, ಹೇಗಾಯಿತು. ತಂದೆಯ ಕಾಗದಪತ್ರಗಳನ್ನೂ ಅವಳೇ ಬರೆಯುತ್ತಿದ್ದಳು, ಏಕೆಂದರೆ ರಾಯರ ಅಕ್ಷರವನ್ನು ಕಂಪೌಂಡರ್ ಈಶಪ್ಪನ ಹೊರತು ಭೂಮಿಯ ಮೇಲೆ ಯಾರೂ ಓದಲಾರರು.

ಎಪ್ಪತ್ತೆಂಟನೆಯ ಇಸವಿ, ನಾಗಪಂಚಮಿಯ ಮುಂಚಿನ ರವಿವಾರ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಎತ್ತರದ ಹುಡುಗ ಮೇಜಿನ ಮುಂದೆ ನಿಂತ. ಹೆಸರು ಕೇಳಿದರೆ ಹೆಸರು ಹೇಳಿ, ಕೇಳದಿದ್ದರೂ ಶಿರಹಟ್ಟಿಯ ತಹಶೀಲ್ದಾರ ಕಚೇರಿಯಲ್ಲಿ ಕ್ಲರ್ಕ್ ಎಂದೂ, ತಂದೆ ಪ್ರಹ್ಲಾದಾಚಾರ್ಯರು ಲಕ್ಷ್ಮೇಶ್ವರದಲ್ಲಿ ಗುಡಿಯ ಪೂಜೆ ಮಾಡುತ್ತಾರೆಂದೂ ಹೇಳಿದ.

“ಏನಾಗ್ಯದ್ರಿ?”

ಅವನು ಬಲಗೈ ಚಾಚಿದ. ನಾಲ್ಕು ಬೆರಳು ನೆಟ್ಟಗಿದ್ದವು. ಉಂಗುರ ಬೆರಳಿನ ತುದಿ ಮಾತ್ರ ಮಾಸ್ತರರ ಮುಂದೆ ನಿಂತ ಹುಡುಗನ ತಲೆಯ ಹಾಗೆ ಬಾಗಿಕೊಂಡಿತ್ತು.

“ಹೆಂಗಾತು?”

“ಕ್ರಿಕೆಟ್,” ಅಂದ ದತ್ತಾತ್ರಿ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ. “ಕ್ಯಾಚ್ ಹಿಡೀಲಿಕ್ಕೆ ಹೋಗಿದ್ದೆ.”

“ಹಿಡದ್ರೇನು?”

“ಏನು?”

“ಕ್ಯಾಚು.”

“ಹಾಂ, ಹಿಡದೆ,” ಅಂದ.

ಅಂಬು ‘ಕ್ರಿಕೆಟ್’ ಎಂದು ಬರೆದು ಒಳಗೆ ಕಳಿಸಿದಳು. ಎರಡು ನಿಮಿಷ ಆಗಿರಲಿಲ್ಲ, ರಾಯರ ಧ್ವನಿ ಪರೀಕ್ಷೆಯ ಕೋಣೆ ದಾಟಿ, ಹೊರಗಿನ ಕಟ್ಟೆ ದಾಟಿ, ಎದುರಿನ ಚಹಾದಂಗಡಿಯವರೆಗೂ ಹೋಯಿತು.

“ಅಂಬೂ, ಆ ಕ್ರಿಕೆಟ್ ಹೊಡದುಹಾಕು! ಚಾದರ ಅಂತ ಬರಿ!”

ಆದದ್ದಿಷ್ಟು. ಮನೆಗೆ ಸೋದರತ್ತೆ ಬರುವವರಿದ್ದರು. ದತ್ತಾತ್ರಿಯ ತಾಯಿ ಯಮುನಾಬಾಯಿಗೆ ಚಾದರದ ಮೇಲೆ ಒಂದು ಸುಕ್ಕು ಕಂಡರೂ ಮಾನ ಹೋದಂತೆ. ಮಗ ಬಿಗಿಯಾಗಿ ಎಳೆದು ಗಾದಿಯ ಕೆಳಗೆ ತುರುಕುವಾಗ ಬೆರಳು ಮಂಚದ ಹಲಗೆಗೆ ಬಡಿಯಿತು, ಟಕ್ ಎಂದಿತು, ಅಷ್ಟೇ. ರಕ್ತವಿಲ್ಲ, ಕೂಗಿಲ್ಲ. ಅಂಬು ತಲೆ ತಗ್ಗಿಸಿ ‘ಕ್ರಿಕೆಟ್’ ಹೊಡೆದು ‘ಚಾದರ’ ಬರೆದಳು. ಅವಳ ಭುಜ ಅಲುಗುತ್ತಿದ್ದುದನ್ನು ಕಟ್ಟೆಯ ಮೇಲಿದ್ದ ರೋಗಿಗಳೆಲ್ಲ ನೋಡಿದರು.

ಎಕ್ಸರೇ ಬಂದ ಮೇಲೆ ರಾಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿಳಿಸಿ ಹೇಳಿದರು. ರೋಗಿಗೆ ಅವನ ರೋಗ ಅರ್ಥವಾಗದೆ ಔಷಧ ಕೊಡಬಾರದೆಂಬುದು ಅವರ ಹಟ. ಅದರಿಂದಾಗಿ ಹೊರಗೆ ಸರದಿ ಬೆಳೆಯುತ್ತಿತ್ತು.

“ನೋಡ್ರಿ. ಬೆರಳಿನ ಬೆನ್ನಮ್ಯಾಲ ಒಂದು ಸಣ್ಣ ಹುರಿ ಬಂದು ಉಗುರಿನ ಬುಡದ ಎಲುಬಿಗೆ ಅಂಟಿಕೊಂಡಿರ್ತದ. ಅದು ಜಗ್ಗಿದ್ರ ತುದಿ ಮ್ಯಾಲ ಏಳ್ತದ. ನಿಮ್ಮ ಹುರಿ ಎಲುಬಿನ ಒಂದು ಚೂರು ಕಿತ್ಗೊಂಡು ಹಿಂದ ಸರದದ. ಇಲ್ಲಿ ಕಾಣಸ್ತದ ನೋಡ್ರಿ, ಅಕ್ಕಿ ನುಚ್ಚಿನಷ್ಟು. ಇದಕ್ಕ ಗುಳಿಗಿ ಇಲ್ಲ, ಸೂಜಿ ಇಲ್ಲ. ತುದಿ ನೆಟ್ಟಗ ಇಟ್ರ ಅದು ತಾನಾಗಿ ಬಂದು ಕೂಡ್ತದ.”

“ಎಷ್ಟು ದಿವಸರಿ?”

“ನಲವತ್ತೆರಡು. ಊಟ, ನಿದ್ದಿ, ಸ್ನಾನ, ಎಲ್ಲಾದರಾಗೂ. ನಡುವ ಒಮ್ಮೆ ತುದಿ ಕೆಳಗ ಬಿತ್ತಂದ್ರ ಕೂಡಿದ್ದು ಮತ್ತ ಹರೀತದ. ನಲವತ್ತೊಂದನೇ ದಿವಸ ಬಿದ್ರೂ ಒಂದರಿಂದ ಎಣಿಸಬೇಕು. ತಿಳೀತೇನು?”

“ತಿಳೀತ್ರಿ,” ಅಂದ ದತ್ತಾತ್ರಿ. ಸರಕಾರಿ ನೌಕರ ಇಷ್ಟು ಸುಲಭವಾಗಿ ತಿಳಿಯಿತೆಂದಾಗಲೇ ರಾಯರು ಅನುಮಾನಿಸಬೇಕಿತ್ತು.

ನಾಲಿಗೆ ಒತ್ತಿ ಗಂಟಲು ನೋಡುವ ಕಟ್ಟಿಗೆಯ ಪಟ್ಟಿಯನ್ನು ಈಶಪ್ಪ ಎರಡು ಇಂಚಿಗೆ ಕತ್ತರಿಸಿ, ಅಂಚು ಉಜ್ಜಿ ಕೊಟ್ಟ. ರಾಯರು ಅದಕ್ಕೆ ಹತ್ತಿ ಸುತ್ತಿ ಬೆರಳಿನ ಕೆಳಗಿಟ್ಟು ಅರಿವೆಯ ಪಟ್ಟಿಯಿಂದ ಬಿಗಿದರು. ದತ್ತಾತ್ರಿ ಆ ಬೆರಳನ್ನು ಮುಂದೆ ಮಾಡಿಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದ.

ಹದಿನೈದು ದಿನಕ್ಕೆ ಬಂದ. ರಾಯರು ಪಟ್ಟಿ ಬಿಚ್ಚಿದರು. ತುದಿ ಎಂದಿನಂತೆ ತಲೆ ತಗ್ಗಿಸಿತು.

“ಬಿಚ್ಚಿದ್ರೇನು?”

“ಇಲ್ಲರಿ.”

“ಒಮ್ಮೆನೂ?”

“ಒಮ್ಮೆನೂ ಇಲ್ಲರಿ. ಸಂಧ್ಯಾವಂದನಿಗೆ ಬಿಚ್ಚೀನಿ ಅಷ್ಟ.”

ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ದಿವಸಕ್ಕ ಎಷ್ಟು ಸಲ?”

“ಎರಡು. ಸೂಟಿ ಇದ್ರ ಮೂರು. ಡಾಕ್ಟರ್ರ, ಗಾಯತ್ರಿ ಎಣಿಕಿ ಶುರು ಆಗೋದ ಉಂಗುರ ಬೆರಳಿನ ಗೆಣ್ಣಿನಿಂದ. ಬೊಟ್ಟು ಮಣೀಲಿಲ್ಲಂದ್ರ ಹೆಬ್ಬಟ್ಟು ಹೆಂಗ ಮುಟ್ಟಬೇಕು? ಎಣಿಕಿ ತಪ್ಪೂದಿಲ್ಲೇನು?”

ಅವನು ಸುಳ್ಳು ಹೇಳುತ್ತಿರಲಿಲ್ಲ. ದೇವರ ಕೆಲಸಕ್ಕೆ ಬಿಚ್ಚಿದ್ದನ್ನೂ ಬಿಚ್ಚಿದ್ದೆಂದು ಹಿಡಿಯುತ್ತಾರೆಂದು ಆ ಪ್ರಾಣಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ರಾಯರು ಜನಿವಾರ ಬೆನ್ನು ಕೆರೆದುಕೊಳ್ಳುವುದಕ್ಕೆ ಮಾತ್ರ ಬಳಸುತ್ತಿದ್ದ ಮನುಷ್ಯರು. ಅವರ ಮುಖ ಕೆಂಪಗಾಯಿತು.

“ಹದಿನೈದು ದಿವಸದಾಗ ಮೂವತ್ತು ಸಲ ಬಿಚ್ಚೀರಿ! ಅಂಬೂ, ಬರಿ, ಇವತ್ತು ಒಂದನೇ ದಿವಸ!”

ದತ್ತಾತ್ರಿ ಊರಿಗೆ ಹೋಗಿ ತಂದೆಯನ್ನು ಕೇಳಿದ. ಪ್ರಹ್ಲಾದಾಚಾರ್ಯರು ಐವತ್ತು ವರ್ಷ ದೇವರ ಜೊತೆ ಒಡನಾಡಿದವರು, ದೇವರಿಗೆ ಏನು ನಡೆಯುತ್ತದೆ, ಏನು ನಡೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. “ಮನಸ್ಸಿನ್ಯಾಗ ಎಣಸು. ಒಂದು ಹೆಚ್ಚು ಕಡಿಮಿ ಆದ್ರ ಅವ ಏನೂ ಅನ್ನೂದಿಲ್ಲ,” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಜಪದ ಕಾಟ ತೀರಿತು.

ಮುಂದಿನ ರವಿವಾರ ಬಿಚ್ಚಿದರೆ ತುದಿ ಮತ್ತೆ ಬಿತ್ತು.

“ಜಪಕ್ಕ ಬಿಚ್ಚಿಲ್ಲರಿ. ದೇವರಾಣಿ.”

“ಮತ್ತ್ಯಾತಕ್ಕ ಬಿಚ್ಚೀರಿ?”

“ಊಟಕ್ಕ.”

ಈ ಸಲ ಅಪರಾಧಿ ಯಮುನಾಬಾಯಿ. ಪಟ್ಟಿ ಹತ್ತಿಯದು, ಕಟ್ಟುವಾಗ ಹತ್ತು ಕೈ ಮುಟ್ಟಿದ್ದು, ಬಸ್ಸಿನಲ್ಲಿ ಊರೆಲ್ಲ ತಿರುಗಿ ಬಂದದ್ದು. ಅಂಥ ಮೈಲಿಗೆ ಅರಿವೆ ಅವರ ಅಡುಗೆಮನೆಯ ಹೊಸ್ತಿಲು ದಾಟುವುದುಂಟೆ? ಮಗ ಒಳಗೆ ಬರುವ ಮುಂಚೆ ಪಟ್ಟಿ ಬಿಚ್ಚಿ, ಚಪ್ಪಲಿ ಬಿಡುವ ಜಾಗದ ಗೂಟಕ್ಕೆ ತೂಗುಹಾಕಬೇಕಿತ್ತು. ಮರೆತು ಬಂದರೆ ತಾಯಿ ಒಲೆಯ ಚಿಮಟದಿಂದ ಅದನ್ನು ಹಿಡಿದು ಹೊರಗೆ ಎಸೆಯುತ್ತಿದ್ದರು. ಇದನ್ನು ದತ್ತಾತ್ರಿ ಮುಖ ಗಂಟು ಹಾಕಿಕೊಂಡು ಹೇಳಿದ. ಅಂಬುವಿಗೆ ನಗು ತಡೆಯಲಾಗಲಿಲ್ಲ, ಪರದೆಯ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕು ಬಂದಳು. ಬರುವಾಗ ಅವಳ ಕೈಯಲ್ಲಿ ಚಿಕ್ಕಂದಿನಲ್ಲಿ ಉಡುತ್ತಿದ್ದ ರೇಶ್ಮಿ ಪರಕಾರವಿತ್ತು.

“ಅಪ್ಪಾ, ರೇಶ್ಮಿಗೆ ಮೈಲಿಗಿ ಇಲ್ಲಲ್ಲ? ಮಡಿಯಾಗ ಪಟ್ಟೆಪೀತಾಂಬರ ಉಡ್ತಾರ. ಇದನ್ನ ಹರದು ಪಟ್ಟಿ ಮಾಡ್ರಿ.”

ರಾಯರು ಮಗಳನ್ನೊಮ್ಮೆ, ಪರಕಾರವನ್ನೊಮ್ಮೆ ನೋಡಿದರು. ಐದನೆಯ ವರ್ಷದ ಹುಟ್ಟುಹಬ್ಬಕ್ಕೆಂದು ತಾವೇ ಕೊಂಡು ತಂದ ಬದನೆ ಬಣ್ಣದ ಪರಕಾರ ಅದು. ಹಳೆ ಅರಿವೆಗೆ ಬದಲು ಪಾತ್ರೆ ಕೊಡುವ ಬೋಹಾರಣೆಯವಳು ಕೇಳಿದಾಗಲೂ ಅವಳ ತಾಯಿ ಪದ್ಮಾಬಾಯಿ ಅದನ್ನು ಕೊಟ್ಟಿರಲಿಲ್ಲ. ಅಂಬು ಕತ್ತರಿ ತೆಗೆದುಕೊಂಡು ಯಾರ ಅಪ್ಪಣೆಗೂ ಕಾಯದೆ ಅಂಚಿನುದ್ದಕ್ಕೂ ಕತ್ತರಿಸಿದಳು.

ರೇಶ್ಮಿ ಪಟ್ಟಿಯಲ್ಲಿ ಯಮುನಾಬಾಯಿಗೆ ಎಲ್ಲಿಯೂ ತಪ್ಪು ಸಿಗಲಿಲ್ಲ. ಮಗ ಬದನೆ ಬಣ್ಣದ ಬೆರಳಿಟ್ಟುಕೊಂಡೇ ಉಂಡ. ಕಚೇರಿಯಲ್ಲಿ ಶಿರಸ್ತೇದಾರ ದೇವೇಂದ್ರಪ್ಪನವರು ಅದನ್ನು ನೋಡಿ, “ಏನ್ರೀ ಆಚಾರ್ರ, ಬೆರಳಿಗೆ ಲಗ್ನ ಮಾಡೀರೇನು?” ಎಂದು ಕೇಳಿದರಂತೆ. ದತ್ತಾತ್ರಿ ಇದನ್ನು ಮುಂದಿನ ರವಿವಾರ ಅಂಬುವಿಗೆ ಹೇಳಿ, ಹೇಳಿದ ಮೇಲೆ ಕಿವಿಯವರೆಗೂ ಕೆಂಪಗಾದ. ಅಂಬು ಅಂದಿನ ಕೇಸ್ ಪೇಪರಿನಲ್ಲಿ ಒಬ್ಬ ಅಜ್ಜನ ವಯಸ್ಸು ಹದಿನೇಳು ಎಂದು ಬರೆದಳು.

ಅವಳು ರವಿವಾರ ಕಾಯತೊಡಗಿದ್ದಳು. ಇದನ್ನು ಮುಚ್ಚಿಟ್ಟು ಹೇಳುವುದೇನಿದೆ? ಅಲ್ಲಿಯವರೆಗೆ ಅವಳನ್ನು ನೋಡಲು ಬಂದವರು ಐದು ಜನ. ಒಬ್ಬ ಅವಳ ಕಡೆ ನೋಡದೆ ಉಪ್ಪಿಟ್ಟು ಮಾತ್ರ ನೋಡಿ ಎದ್ದುಹೋಗಿದ್ದ. ಇನ್ನೊಬ್ಬ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಾಗ ಗಾಬರಿಯಾಗಿದ್ದ. ಇವನೊಬ್ಬನೇ ಅವಳು ನಕ್ಕರೆ ಸಿಟ್ಟಿಗೇಳದೆ, ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾರದೆ ನಿಲ್ಲುತ್ತಿದ್ದವನು. ಅವಳಿಗೆ ಇವನು ಬೇಕಾಗಿದ್ದ.

ರೇಶ್ಮಿ ಕೊಟ್ಟ ಹುಡುಗಿಯ ಮಾತು ಮಗನ ಬಾಯಲ್ಲಿ ದಿನಾ ಕೇಳಿ, ಗಣೇಶ ಚೌತಿಯ ಮರುದಿನ ಯಮುನಾಬಾಯಿ ಸಂಬಂಧ ಕೇಳಲು ಗದಗಿಗೆ ಬಂದರು. ಒಂದು ಕೈಯಲ್ಲಿ ಮಗನ ಜಾತಕ, ಇನ್ನೊಂದು ಕೈಯಲ್ಲಿ ಮಗ. ರಾಯರು ಅವರನ್ನು ಕೂಡಿಸಿ, ಮೊದಲು ಹುಡುಗನ ಬೆರಳು ಬಿಚ್ಚಿದರು. ತುದಿ ಅರ್ಧ ಎದ್ದಿತ್ತು, ಅರ್ಧ ಬಿದ್ದಿತ್ತು. ಹಿಂದಿನ ದಿನ ಚೌತಿಯ ಕಡುಬು ಮಾಡುವಾಗ ತಾಯಿಗೆ ಕಣಕ ನಾದಿಕೊಡಲು ಹೋಗಿದ್ದನಂತೆ. ಅಂಬು ಪರದೆಯ ಹಿಂದೆ ನಿಂತು ತುಟಿ ಕಚ್ಚಿಕೊಂಡಳು.

“ಯಮುನಾಬಾಯಿಯವರ, ನಿಮ್ಮ ಹುಡುಗ ಸಜ್ಜನ ಇದ್ದಾನ, ಖರೆ,” ಅಂದರು ರಾಯರು. “ಆದ್ರ ಒಂದು ಬೆರಳು ನೆಟ್ಟಗ ಇಡು ಅಂತ ಹೇಳಿ ತಿಂಗಳಾತು. ಅವನ ಕೈಲೆ ಆಗಲಿಲ್ಲ. ಒಂದು ಬೆರಳು ಕಾಯಲಾರದವನ ಕೈಯಾಗ ಮಗಳನ್ನ ಹೆಂಗ ಕೊಡ್ಲಿ? ಧಾರವಾಡದಾಗ ನಮ್ಮ ದೋಸ್ತರ ಮಗ ಇದ್ದಾನ, ಬ್ಯಾಂಕಿನಾಗ. ಅವರೂ ಕೇಳ್ಯಾರ. ಈಗ ಹಿಂಗ ಮಾಡೂಣು. ಇವತ್ತಿಂದ ಹೊಸಾ ಎಣಿಕಿ. ಸೀಗಿ ಹುಣ್ಣಿಮಿ ಆಗಿ ಎರಡು ದಿವಸಕ್ಕ ನಲವತ್ತೆರಡು ಮುಗೀತದ. ತುದಿ ಎದ್ದು ನಿಂತ್ರ ಜಾತಕ ನೋಡೂಣು. ನಡುವ ಒಮ್ಮೆ ಬಿತ್ತಂದ್ರ ಧಾರವಾಡಕ್ಕ ಒಪ್ಪಿಗಿ ಬರೀತೀನಿ.”

ಯಮುನಾಬಾಯಿಯ ಮೂಗುತಿಯ ಹರಳು ಕೂಡ ಸಿಟ್ಟಿನಿಂದ ಹೊಳೆಯಿತು. “ನಮ್ಮ ಕಾಲದಾಗ ಹುಡುಗಿಗೆ ಹಾಡು ಹೇಳಸ್ತಿದ್ರು, ನಡದು ತೋರಸು ಅಂತಿದ್ರು. ಈಗ ಹುಡುಗನ ಬೊಟ್ಟು ಪರೀಕ್ಷಾ ಮಾಡ್ತಾರೇನು?”

“ನಾ ಡಾಕ್ಟರ್ರಿ. ನನಗ ಬರೋ ಪರೀಕ್ಷಾ ಇದೊಂದ.”

ಯಮುನಾಬಾಯಿ ಎದ್ದು ಹೋಗುತ್ತಾರೆಂದೇ ಅಂಬು ತಿಳಿದಳು. ಆದರೆ ಪರೀಕ್ಷೆ ಎಂದ ಮೇಲೆ ಮಗ ನಪಾಸಾಗುವುದನ್ನು ಸಹಿಸುವ ಹೆಂಗಸು ಅವರಲ್ಲ. “ಆಗ್ಲಿ,” ಎಂದರು. “ಇವನ ಬೊಟ್ಟು ಹೆಂಗ ಬೀಳ್ತದ ನಾನೂ ನೋಡ್ತೀನಿ.”

ಅಲ್ಲಿಂದ ಮುಂದೆ ದತ್ತಾತ್ರಿಗೆ ಸುಖವಿರಲಿಲ್ಲ. ಪಟ್ಟಿಯನ್ನು ಚಿಮಟದಿಂದ ಎಸೆದ ತಾಯಿಯೇ ಈಗ ಆ ಬೆರಳಿನ ಕಾವಲುಗಾರ್ತಿ. ಸ್ನಾನ ಮಾಡುವಾಗ ಬಚ್ಚಲದ ಬಾಗಿಲಲ್ಲಿ ನಿಂತು, “ಕೈ ಮ್ಯಾಲ, ಕೈ ಮ್ಯಾಲ!” ಎಂದು ಕೂಗುವರು. ಬಾವಿಯ ಹಗ್ಗ ಮುಟ್ಟಗೊಡರು. ಪಕ್ಷಮಾಸ ಮುಗಿದ ಪಾಡ್ಯಕ್ಕೆ, ಮಗಳ ಮಗನೇ ಮಾಡಬೇಕಾದ, ತಾಯಿಯ ತಂದೆಯ ಶ್ರಾದ್ಧ ಬಂತು. ಅದೇ ಬೆರಳಿಗೆ ದರ್ಭೆಯ ಪವಿತ್ರ ಹಾಕಬೇಕು. ಪ್ರಹ್ಲಾದಾಚಾರ್ಯರು ಪವಿತ್ರವನ್ನು ಬೆರಳಿನ ಬುಡಕ್ಕೆ ಏರಿಸಿ, ತುದಿಯ ರೇಶ್ಮಿಯನ್ನು ಅದರ ಪಾಡಿಗೆ ಬಿಟ್ಟು, “ಅಜ್ಜಗೂ ಮೊಮ್ಮಗನ ಲಗ್ನ ಆಗೋದು ಬೇಕಾಗಿರ್ತದ,” ಎಂದರು. ದಸರೆಗೆ ಬನ್ನಿ ಕೊಡುವಾಗ ಬಲಗೈಯ ಬೆರಳು ಮಡಚುವಂತಿಲ್ಲ, ಎಡಗೈಯಲ್ಲಿ ಕೊಡುವಂತಿಲ್ಲ. ದತ್ತಾತ್ರಿ ಎರಡೂ ಅಂಗೈ ಚಾಚಿ ಮೇಲೆ ಎಲೆ ಇಟ್ಟುಕೊಂಡು ಊರ ತುಂಬ ತಿರುಗಿದ. ಓಣಿಯವರಿಗೆ ಎಂಟು ದಿನಕ್ಕಾಗುವಷ್ಟು ನಗು ಸಿಕ್ಕಿತು.

ರವಿವಾರಕ್ಕೊಮ್ಮೆ ಗದಗಿಗೆ ಬರುತ್ತಿದ್ದ. ರಾಯರು ಬೆರಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇರಿಸಿ, ತುದಿ ಅಲುಗದಂತೆ ಪಟ್ಟಿ ಬಿಚ್ಚಿ, ಚರ್ಮ ಒರೆಸಿ, ಪುಡಿ ಹಾಕಿ ಮತ್ತೆ ಕಟ್ಟುತ್ತಿದ್ದರು. ಅಂಬು ಪಕ್ಕದಲ್ಲಿ ನಿಂತು ಹತ್ತಿ ಕೊಡುತ್ತಿದ್ದಳು. ಮೂವತ್ತೆರಡನೆಯ ದಿನ ರಾಯರು ಹುಬ್ಬೇರಿಸಿದರು. “ಈ ಸಲ ಗಟ್ಟಿ ನಿಂತಾನ,” ಎಂದು ಪದ್ಮಾಬಾಯಿಯ ಹತ್ತಿರ ಹೇಳಿದ್ದು ಅಂಬುವಿನ ಕಿವಿಗೂ ಬಿತ್ತು.

ಮೂವತ್ತೊಂಬತ್ತನೆಯ ದಿನ, ದಸರೆ ಮುಗಿದ ರವಿವಾರ, ದತ್ತಾತ್ರಿ ಬಂದಾಗ ರಾಯರು ಇರಲಿಲ್ಲ. ನಾಗಾವಿಯಿಂದ ಹೆರಿಗೆಯ ಕರೆ ಬಂದು ಬೆಳಿಗ್ಗೆಯೇ ಸ್ಕೂಟರ್ ಮೇಲೆ ಹೋಗಿದ್ದರು. ಈಶಪ್ಪ ಎದುರಿನ ಅಂಗಡಿಗೆ ಚಹಾಕ್ಕೆ ಹೋಗಿದ್ದ. ರೋಗಿಗಳು ಕೂಡುವ ಬಾಕಿನ ಮೇಲೆ ಕೊರ್ಲಹಳ್ಳಿಯ ಮರಿಯವ್ವ ಎಂಬ ಮುದುಕಿ ಒಬ್ಬಳೇ ಮೊಣಕಾಲು ಒತ್ತಿಕೊಳ್ಳುತ್ತ, ಗೋಡೆಗೆ ಒರಗಿ ತೂಕಡಿಸುತ್ತಿದ್ದಳು.

“ಸ್ನಾನದಾಗ ನೀರು ಹೊಕ್ಕದ,” ಅಂದ ದತ್ತಾತ್ರಿ. “ನಿನ್ನೆಯಿಂದ ತಿಂಡಿ, ಕೆರಕೊಳ್ಳೂಹಂಗೂ ಇಲ್ಲ. ಒಂದರ ಬಸ್ಸಿಗೆ ಹೋಗಬೇಕು. ಡಾಕ್ಟರ್ರು ತಡಾ ಆಗ್ತಾರೇನು?”

“ಹೆರಿಗಿ ಅಂದ್ರ ಹೇಳ್ಲಿಕ್ಕೆ ಬರೂದಿಲ್ಲ,” ಅಂದಳು ಅಂಬು. ಒದ್ದೆ ಪಟ್ಟಿ ಹಾಗೇ ಬಿಟ್ಟರೆ ಚರ್ಮ ಕೆಡುತ್ತದೆಂದು ತಂದೆ ಹತ್ತು ಸಲ ಹೇಳಿದ್ದು ಅವಳಿಗೆ ನೆನಪಿತ್ತು. “ಬರ್ರಿ, ಮೇಜಿನ ಮ್ಯಾಲ ಕೈ ಇಡ್ರಿ. ಅಪ್ಪ ಹೆಂಗ ಮಾಡ್ತಾರ ನಾ ನೋಡೀನಿ.”

ಬಿಚ್ಚಿದಳು. ಚರ್ಮ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿತ್ತು. ಮೇಲೆ ಒರೆಸಿದಳು, ಕೆಳಗೂ ಒರೆಸಬೇಕಿತ್ತು. ಎಡಗೈಯ ಎರಡು ಬೆರಳಿನಿಂದ ಅವನ ತುದಿಯನ್ನು ಮೆಲ್ಲಗೆ ಎತ್ತಿ ಹಿಡಿದಳು. ಎರಡು ತಿಂಗಳಿನಿಂದ ನೋಡುತ್ತಿದ್ದ ಬೆರಳನ್ನು ಅವಳು ಮುಟ್ಟಿದ್ದು ಅದೇ ಮೊದಲು. ಇಬ್ಬರೂ ಉಸಿರು ಬಿಗಿಹಿಡಿದರು. ಆ ಬಿಗಿ ತಡೆಯಲಾರದೆ ದತ್ತಾತ್ರಿ ಏನಾದರೂ ಮಾತಾಡಬೇಕೆಂದು ಮಾತಾಡಿದ.

“ನಿನ್ನೆ ಅವ್ವ ತುಳಸಿಗೆ ಪ್ರದಕ್ಷಿಣಿ ಹಾಕ್ಲಿಕ್ಕೆ ಹತ್ತಿದ್ಲು. ಹಿಂದ ನಿಂತು ಕೇಳಿದೆ.”

“ಏನಂತ ಬೇಡ್ಕೊಂಡ್ರು?”

“‘ತಾಯಿ, ಮಗನ ಬಡ್ತಿ ಆಮ್ಯಾಲ ನೋಡೂಣು. ಮದ್ಲ ಅವನ ಬೊಟ್ಟು ಎಬ್ಬಿಸು’ ಅಂತ.”

ಅಂಬು ನಕ್ಕಳು. ತಡೆಯಬೇಕೆಂದುಕೊಳ್ಳುವಷ್ಟರಲ್ಲಿ ನಗು ಬಂದುಬಿಟ್ಟಿತು, ಮೈಯೆಲ್ಲ ಅಲುಗಿತು, ಪುಡಿ ಹತ್ತಿದ ಬೆರಳು ಅವಳ ಕೈಯಿಂದ ಜಾರಿತು. ತುದಿ ಕೆಳಗೆ ಬಿತ್ತು.

ಅವಳ ನಗು ಅಲ್ಲಿಗೇ ನಿಂತಿತು. ಒಂದೇ ಕ್ಷಣದಲ್ಲಿ ತುದಿಯನ್ನು ಎತ್ತಿ, ಕಟ್ಟಿಗೆ ಇಟ್ಟು, ರೇಶ್ಮಿ ಸುತ್ತಿ, ಹೆರಳಿಗೆ ಕಟ್ಟುವ ಹಾಗೆ ಎರಡು ಕುಣಿಕೆಯ ಗಂಟು ಹಾಕಿದಳು. ಆದರೆ ಬಿದ್ದದ್ದು ಬಿದ್ದಿತ್ತು. ಮೂವತ್ತೊಂಬತ್ತು ದಿನ ಆ ಮನುಷ್ಯ ನಗೆಪಾಟಲಾಗಿ ಕಾಯ್ದುಕೊಂಡದ್ದನ್ನು ಅವಳ ಒಂದು ನಗು ಕೆಡವಿತ್ತು.

“ಅಪ್ಪಗ ನಾ ಹೇಳ್ತೀನಿ,” ಅಂದಳು.

“ಬ್ಯಾಡ್ರಿ,” ಅಂದ ದತ್ತಾತ್ರಿ ಮೆಲ್ಲಗೆ. “ನೀವು ಒಬ್ಬರ ನನ್ನ ಕೈ ಹಿಡಕೊಂಡು ನಿಂತಿದ್ರಿ, ನಗ್ಲಿಕ್ಕೆ ಹತ್ತಿದ್ರಿ ಅಂತ ಊರಾಗ ಮಾತಾಗ್ತದ. ನನ್ನ ಬೆರಳು ಹೋದ್ರ ಹೋಗ್ಲಿ.”

ಸ್ಕೂಟರಿನ ಸದ್ದು ಕೇಳಿತು. ರಾಯರು ಒಳಗೆ ಬಂದರು, ನಾಗಾವಿಯಲ್ಲಿ ಗಂಡು ಕೂಸು ಹುಟ್ಟಿದ ಸಂತೋಷದಲ್ಲಿದ್ದರು. ಕೈ ತೊಳೆಯುತ್ತ, “ಏನ್ರೀ, ಇನ್ನ ಮೂರು ದಿವಸ!” ಎಂದರು. ಅಂಬು ಬಾಯಿ ತೆರೆಯುವ ಮೊದಲೇ ದತ್ತಾತ್ರಿ ಎದ್ದು ನಿಂತ.

“ಡಾಕ್ಟರ್ರ, ಬೆರಳು ಬಿತ್ತು. ಮುಂಜಾನೆ ಜಪಕ್ಕ ಕೂತಾಗ ನಾನ ಬಿಚ್ಚಿದೆ. ರೂಢಿ.”

ರಾಯರ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳುವುದನ್ನೂ ಮರೆತು ನಿಂತರು. ಬೈಯಲಿಲ್ಲ, ಕೂಗಲಿಲ್ಲ. ತಂದೆಗೂ ಈ ಹುಡುಗ ಹಿಡಿಸಿದ್ದನೆಂದು ಅವಳಿಗೆ ಆಗ ತಿಳಿಯಿತು.

“ಆತು,” ಎಂದರು ಕೊನೆಗೆ. “ಹೇಳಿದ್ದು ಹೇಳಿದ್ದ. ಅಂಬೂ, ಖಾನೆಯೊಳಗ ಇನ್‌ಲ್ಯಾಂಡ್ ಅದ, ತಗಿ. ಧಾರವಾಡಕ್ಕ ಬರಿ.”

ಅಂಬು ಕಾಗದ ತೆಗೆದಳು, ಪೆನ್ನಿನ ಟೊಪ್ಪಿಗೆ ಬಿಚ್ಚಿದಳು. ರಾಯರು ಕಿಟಕಿಯ ಕಡೆ ಮುಖ ಮಾಡಿ ಹೇಳತೊಡಗಿದರು. ಶ್ರೀ, ಕ್ಷೇಮ, ದಿನಾಂಕ, ಅನೇಕ ನಮಸ್ಕಾರಗಳು. ಅವಳು ಅಲ್ಲಿಯವರೆಗೆ ಬರೆದಳು. “ತಾವು ಕೇಳಿದ ವಿಷಯಕ್ಕೆ ನಮ್ಮ ಒಪ್ಪಿಗೆ ಇದೆ,” ಎಂದರು ರಾಯರು. ಪೆನ್ನು ಮುಂದೆ ಹೋಗಲಿಲ್ಲ. ದತ್ತಾತ್ರಿ ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

“ಅಪ್ಪಾ, ಅವರು ಸುಳ್ಳು ಹೇಳ್ಲಿಕ್ಕೆ ಹತ್ಯಾರ,” ಅಂದಳು ಅಂಬು.

ಅವಳಿಗೇ ತನ್ನ ಧ್ವನಿ ದೊಡ್ಡದೆನಿಸಿತು. ಚಹಾ ಕುಡಿದು ಬಂದ ಈಶಪ್ಪ ಹೊಸ್ತಿಲಲ್ಲೇ ನಿಂತ. ಬಾಕಿನ ಮೇಲಿನ ಮರಿಯವ್ವ ಕಣ್ಣು ತೆರೆದಳು. ಪರದೆಯ ಹಿಂದೆ ಪದ್ಮಾಬಾಯಿಯ ಕೈಬಳೆಯ ಸದ್ದು ನಿಂತಿತು. ಇಷ್ಟು ಜನ ಕೇಳುತ್ತಿದ್ದಾರೆಂದು ಗೊತ್ತಿದ್ದೂ ಅವಳು ನಿಲ್ಲಿಸಲಿಲ್ಲ.

“ನಾ ಬಿಚ್ಚಿದೆ. ನಾನ ಅವರ ಬೆರಳು ಹಿಡದಿದ್ದೆ. ನಗೂವಾಗ ನನ್ನ ಕೈಯಾಗಿಂದ ಬಿತ್ತು. ಅವರು ಮೂವತ್ತೊಂಬತ್ತು ದಿವಸ ಕಾಯ್ದಾರ, ಬೀಳಿಸಿದಾಕಿ ನಾನು. ಈ ಕಾಗದ ನಾ ಬರಿಯೂದಿಲ್ಲ. ನನಗ ಇವರ ಬೇಕು. ಮತ್ತ ನಲವತ್ತೆರಡು ದಿವಸ ಎಣಸು ಅಂದ್ರ ಎಣಸ್ತೀನಿ.”

“ಹಿಡದ್ರ ಏನಾತವ್ವ, ದವಾಖಾನ್ಯಾಗ ಕೈ ಹಿಡೀದ ಪಟ್ಟಿ ಕಟ್ಟಾಕ ಬರತೈತೇನು?” ಅಂದಳು ಮರಿಯವ್ವ, ಯಾರೂ ಅವಳನ್ನು ಕೇಳಿರದಿದ್ದರೂ.

ರಾಯರು ದತ್ತಾತ್ರಿಯನ್ನು ಬೆರಳ ಸನ್ನೆಯಿಂದ ಒಳಗೆ ಕರೆದರು. ಅವನ ಕೈ ಹಿಡಿದು ಆ ಎರಡು ಕುಣಿಕೆಯ ಗಂಟನ್ನು ನೋಡಿದರು. ಬಹಳ ಹೊತ್ತು ನೋಡಿದರು. ಮಗಳು ಶಾಲೆಗೆ ಹೋಗುವಾಗ ದಿನಾ ಬೆಳಿಗ್ಗೆ ಎರಡು ಹೆರಳಿಗೆ ಹಾಕಿಕೊಳ್ಳುತ್ತಿದ್ದ ಗಂಟು ಅದು.

“ಇಪ್ಪತ್ತೈದು ವರ್ಷ ಪಟ್ಟಿ ಕಟ್ಟೀನಿ,” ಎಂದರು, ಈಶಪ್ಪನಿಗೋ ಗೋಡೆಗೋ. “ಒಂದು ಕೈಲೆ ಯಾರೂ ಇಂಥಾ ಗಂಟು ಹಾಕೂದಿಲ್ಲ ಅನ್ನೋದು ನನಗ ಕಾಣಲಿಲ್ಲ ನೋಡು. ಸಿಟ್ಟು ಬಂದಿತ್ತು.”

ಕೈಯನ್ನು ಮೇಜಿನ ಮೇಲೆ ಇರಿಸಿ ಪಟ್ಟಿ ಬಿಚ್ಚಿದರು. “ಎತ್ತು,” ಎಂದರು. ಅಲ್ಲಿಯವರೆಗೆ ಅವನಿಗೆ ಬಹುವಚನವೇ ಇತ್ತು. ದತ್ತಾತ್ರಿ ಎತ್ತಿದ. ತುದಿ ನಡುಗುತ್ತ ಎದ್ದಿತು, ಪಕ್ಕದ ಬೆರಳಿನ ಸರಿಸಮಕ್ಕಿಂತ ಒಂದು ಎಳ್ಳಿನಷ್ಟು ಕಡಿಮೆ ನಿಂತಿತು. ಅಂಬು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಕೂಡೇದ. ಆದ್ರ ಇನ್ನೂ ಹಸಿ ಅದ. ಬಿದ್ದಾಗ ಎಷ್ಟು ಹರದದ ದೇವರಿಗೆ ಗೊತ್ತು. ಮತ್ತ ಒಂದರಿಂದ ಎಣಿಸಬೇಕು.”

“ಎಣಸ್ತೀನ್ರಿ,” ಅಂದ ದತ್ತಾತ್ರಿ.

“ನಿನ್ನ ಕೇಳಿಲ್ಲ.” ರಾಯರು ಅರ್ಧ ಬರೆದ ಇನ್‌ಲ್ಯಾಂಡನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಹುಡುಗನ ಬೆರಳಿನ ತುದಿಯನ್ನು ಕೆಳಗಿನಿಂದ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಮಗಳ ಕೈ ಎಳೆದುಕೊಂಡು ಅದರ ಮೇಲೆ ಇಟ್ಟರು. ಅವರ ಕೈ ಸ್ವಲ್ಪ ಹೊತ್ತು ಇಬ್ಬರ ಕೈಯ ಮೇಲೂ ಇತ್ತು.

“ಹಿಡಿ,” ಎಂದರು. “ಈ ಸಲ ಬಿಡಬ್ಯಾಡ.”

ಅಂಬು ಹಿಡಿದಳು. ಕಣ್ಣು ತುಂಬಿ ಎದುರಿನದೇನೂ ಸರಿಯಾಗಿ ಕಾಣುತ್ತಿರಲಿಲ್ಲ, ಆದರೆ ಬೆರಳು ಬೀಳಲಿಲ್ಲ.